ತುಮಕೂರು ಕಡೆ ಕುಡಿತ ಬಿಡೋರ ಎ.ಎ. ಮೀಟಿಂಗ್: ಹುಡುಕೋದು ಹೇಗೆ, ಹೋದ ಮೇಲೆ ಏನು ನಡೆಯುತ್ತೆ?

ಮಧುಗಿರಿ ಮನೆ:

ನಮ್ಮ ಮನೆಯವರ ತಮ್ಮನ ಸಲುವಾಗಿ ಕೇಳ್ತಿದೀನಿ. ವಯಸ್ಸು 36, ಮನೆ ಮಧುಗಿರಿ, ವಸಂತನರಸಾಪುರದಲ್ಲಿ ಶಿಫ್ಟ್ ಕೆಲಸ. ದಿನಕ್ಕೆ ಎರಡು ಕ್ವಾರ್ಟರ್, ಸಂಬಳ ಆದ ವಾರ ಮೂರು. ಬೆಳಗ್ಗೆ ಒಂದು ನೈಂಟಿ ಬೀಳದಿದ್ದರೆ ಕೈ ನಡುಕ, ಬೆವರು, ಕಾಫಿ ಲೋಟ ಹಿಡಿಯೋಕಾಗಲ್ಲ. ಈಗ ಅವರೇ "ಎಲ್ಲಾದ್ರೂ ಮೀಟಿಂಗ್ ಇದ್ರೆ ಹೋಗ್ತೀನಿ" ಅಂದಿದಾರೆ.

ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಗುಂಪು ನಮ್ಮ ಕಡೆ ಎಲ್ಲಿ ಇದೆ ಅಂತ ತಿಳಿಯೋದು ಹೇಗೆ? ಕನ್ನಡದಲ್ಲಿ ನಡೆಯುತ್ತಾ? ದುಡ್ಡು ಎಷ್ಟು? ಊರಿನವರೇ ಯಾರಾದ್ರೂ ಅಲ್ಲಿ ಸಿಕ್ಕಿಬಿಟ್ರೆ ಅನ್ನೋದು ಅವರ ದೊಡ್ಡ ಭಯ. ಅತ್ತೆ ಹೇಳೋದು ಬೇರೆ: ಬರೋ ತಿಂಗಳು ಅಯ್ಯಪ್ಪನ ಮಾಲೆ ಹಾಕಿಸಿಬಿಡೋಣ, ತಾನಾಗೇ ನಿಲ್ಲುತ್ತೆ ಅಂತ. ಸಾಂಬಾರಿಗೆ ಗೊತ್ತಾಗದ ಹಾಗೆ ಬೆರೆಸೋ ಮಾತ್ರೆ ಇದೆ ಅಂತ ಪಕ್ಕದ ಮನೆಯವರು. ತಿಳಿದವರು ಹೇಳಿ.

ವಾರ್ಡ್ ಬಾಗಿಲು:

ಮೇಡಂ, ಮೀಟಿಂಗ್ ವಿಷಯ ಉಳಿದವರು ಹೇಳ್ತಾರೆ. ಅದಕ್ಕಿಂತ ಮುಂಚೆ ಒಂದು ಕೆಲಸ ಇದೆ.

ಬೆಳಗಿನ ನಡುಕ ಅಂದ್ರೆ ಮೈ ಮದ್ಯಕ್ಕೆ ಒಗ್ಗಿಹೋಗಿದೆ ಅಂತ ಅರ್ಥ. ರಾತ್ರಿ ನಿದ್ದೆಯಲ್ಲಿ ರಕ್ತದಲ್ಲಿನ ಮದ್ಯ ಇಳಿಯುತ್ತೆ, ಎದ್ದಾಗ ನರಗಳು ಕೆರಳಿರುತ್ತವೆ. 180 ಎಂಎಲ್ ಕ್ವಾರ್ಟರ್‌ನಲ್ಲಿ, 42.8 ಪರ್ಸೆಂಟ್ ಲೆಕ್ಕ ಹಿಡಿದರೆ, ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ. ನೀವು ಹೇಳಿದ ಪ್ರಮಾಣ ದಿನಕ್ಕೆ 120ರಿಂದ 180 ಗ್ರಾಂ. ಇಷ್ಟು ಕುಡಿಯುವವರು ಒಂದೇ ಏಟಿಗೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ನಡುಕ 6–8 ಗಂಟೆಯಲ್ಲಿ ಶುರು. ಫಿಟ್ಸ್ ಬಂದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಎಲ್ಲಿದ್ದೀನಿ ಅನ್ನೋದೇ ತಿಳಿಯಲ್ಲ: ಗೋಡೆ ಮೇಲೆ ಹುಳ ಹರಿದಂಗೆ ಕಾಣುತ್ತೆ, ಹಾಸಿಗೆ ಕೆರೆಯುತ್ತಾರೆ, ಇಲ್ಲದವರ ಜೊತೆ ಮಾತಾಡ್ತಾರೆ, ಜ್ವರ ಏರುತ್ತೆ. ಆ ಹಂತಕ್ಕೆ ಬಂದರೆ 108. "ಗಾಳಿ ಸೋಕಿದೆ" ಅಂತ ನಿಂಬೆಹಣ್ಣು ಮಂತ್ರಿಸೋಕೆ ಕರ್ಕೊಂಡು ಹೋಗಿ ಒಂದು ದಿನ ಕಳೆಯೋದು ನಮ್ಮ ಕಡೆ ತೀರಾ ಮಾಮೂಲು, ಆ ಒಂದು ದಿನವೇ ದುಬಾರಿ.

ಮಾಲೆಯ ಅಪಾಯವೂ ಇದೇ. ಭಕ್ತಿಗೆ ಯಾರೂ ಅಡ್ಡ ಬರಲ್ಲ. ಆದರೆ ಮಾಲೆ ಹಾಕಿದ ಬೆಳಗ್ಗೆಯಿಂದ ಪೂರ್ತಿ ನಿಲ್ಲಿಸಿ, ತಣ್ಣೀರು ಸ್ನಾನ ಮಾಡಿ, ಒಂದೇ ಹೊತ್ತು ಊಟ ಅಂತ ಕೂತರೆ ಈ ಪ್ರಮಾಣದವರಿಗೆ ಎರಡು ದಿನದೊಳಗೆ ಫಿಟ್ಸ್ ಬಂದರೂ ಆಶ್ಚರ್ಯ ಇಲ್ಲ. ಮೊದಲು ಡಾಕ್ಟರ್ ಹತ್ರ ನಡುಕ ಇಳಿಸಿಕೊಂಡು, ಆಮೇಲೆ ಮಾಲೆ. 41 ದಿನ ಆದ ಮೇಲೆ ಏನು ಅನ್ನೋದಕ್ಕೂ ಈಗಲೇ ಉತ್ತರ ಬೇಕು. ಮಾಲೆ ತೆಗೆದ ಸಂಜೆಯೇ ಬಾಟಲಿ ತೆಗೆಯುವವರು ಎಲ್ಲ ಊರಲ್ಲೂ ಇದ್ದಾರೆ.

ಎಲ್ಲಿಗೆ ಹೋಗೋದು: ತುಮಕೂರು ಜಿಲ್ಲಾಸ್ಪತ್ರೆಯ ಮನೋವೈದ್ಯರ ಹೊರರೋಗಿ ವಿಭಾಗ ಹತ್ತಿರದ್ದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಮಧುಗಿರಿ ಆಸ್ಪತ್ರೆಯ ಚೀಟಿ ಕೌಂಟರ್‌ನಲ್ಲೇ ಕೇಳಿ. ಹೋಗುವಾಗ ಹಿಂದೆ ಫಿಟ್ಸ್ ಬಂದಿತ್ತಾ, ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ, ಬಿಪಿ ಶುಗರ್ ಮಾತ್ರೆ ಏನಿದೆ, ಇಷ್ಟನ್ನು ಬರೆದುಕೊಂಡು ಹೋಗಿ. ಪ್ರಮಾಣ ಕಮ್ಮಿ ಹೇಳಬೇಡಿ. ಡಾಕ್ಟರ್ ನಡುಕದ ಮಾತ್ರೆಯ ಡೋಸ್ ಲೆಕ್ಕ ಹಾಕೋದೇ ಅದರ ಮೇಲೆ.

ಇನ್ನೊಂದು. ಸುಸ್ತು ಅಂತ ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳೋ ಅಭ್ಯಾಸ ಇದೆಯಲ್ಲ, ಇವರಿಗೆ ಹಾಗೆ ಮಾಡಿಸಬೇಡಿ. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಬಿ1 ವಿಟಮಿನ್ (ಥಯಾಮಿನ್) ಬತ್ತಿರುತ್ತೆ. ಥಯಾಮಿನ್ ಇಂಜೆಕ್ಷನ್ ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಉಳಿದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು: ಕಣ್ಣು ಓಲಾಡುತ್ತೆ, ನಡಿಗೆ ತಪ್ಪುತ್ತೆ, ಮರೆವು ಉಳಿದುಬಿಡುತ್ತೆ.

ಸಾಂಬಾರಿಗೆ ಬೆರೆಸೋ ಮಾತ್ರೆ ಡೈಸಲ್ಫಿರಾಂ ಇರಬೇಕು. ಬೇಡವೇ ಬೇಡ. ಅದು ಆಸೆ ಕಮ್ಮಿ ಮಾಡಲ್ಲ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿ ಆಗಿ, ಎದೆ ಡವಗುಟ್ಟಿ, ಬಿಪಿ ಕುಸಿಯುತ್ತೆ. ಗೊತ್ತಿಲ್ಲದೆ ತಿಂದವರು ಎಂದಿನಂತೆ ಕ್ವಾರ್ಟರ್ ಎತ್ತುತ್ತಾರೆ, ಅಲ್ಲಿಗೆ ಐಸಿಯು. ಅವರೇ ಒಪ್ಪಿ, ಲಿವರ್ ಪರೀಕ್ಷೆ ಆಗಿ, ಕೊನೆಯ ಪೆಗ್ಗಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ ಡಾಕ್ಟರ್ ಶುರು ಮಾಡೋ ಮಾತ್ರೆ ಅದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಉಳಿಯಬಹುದು. ಆಸೆ ತಗ್ಗಿಸೋಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಬೇರೆ ಇವೆ, ಯಾವುದು ಹೊಂದುತ್ತೆ ಅಂತ ಡಾಕ್ಟರನ್ನೇ ಕೇಳಿ.

ಹಿಂಬದಿ ಬೆಂಚು:

ಮೇಲಿನದು ಮುಗಿದ ಮೇಲೆ ಅಲ್ಲ, ಜೊತೆಜೊತೆಗೇ ಮೀಟಿಂಗ್ ಶುರು ಮಾಡಬಹುದು. ಆಸ್ಪತ್ರೆಯಲ್ಲಿ ಇರುವಾಗಲೇ ಗುಂಪಿನವರು ಬಂದು ಮಾತಾಡಿಸಿದರೆ ಇನ್ನೂ ಒಳ್ಳೇದು. ಕೇಳಿದರೆ ಬರ್ತಾರೆ, ಕುಡಿತ ಬಿಟ್ಟು ಬಾಳೋಕೆ ಎ.ಎ. ಹೇಳೋ ಹನ್ನೆರಡು ಹೆಜ್ಜೆಗಳಲ್ಲಿ ಕೊನೆಯದೇ ಹೀಗೆ ಇನ್ನೊಬ್ಬರಿಗೆ ನೆರವಾಗೋದು.

ಹುಡುಕೋ ದಾರಿ. ಎ.ಎ.ಯ ಭಾರತದ ಮುಖ್ಯ ಕಚೇರಿ ಮುಂಬೈನಲ್ಲಿದೆ, ಅವರ ವೆಬ್‌ಸೈಟಿನಲ್ಲಿ ಫೋನ್ ನಂಬರ್ ಸಿಗುತ್ತೆ. ಅಲ್ಲಿ ಕೇಳಿದರೆ ನಿಮ್ಮ ಭಾಗದ ಸಂಪರ್ಕ ಕೊಡ್ತಾರೆ. ಎರಡನೇದು, ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗದ ಸೋಷಿಯಲ್ ವರ್ಕರ್. ಯಾವ ಗುಂಪು ನಿಜವಾಗಿ ನಡೀತಿದೆ, ಯಾವುದು ಪಟ್ಟಿಯಲ್ಲಷ್ಟೇ ಇದೆ ಅಂತ ಡಾಕ್ಟರಿಗಿಂತ ಇವರಿಗೆ ಚೆನ್ನಾಗಿ ಗೊತ್ತಿರುತ್ತೆ. ಮೂರನೇದು ಸರ್ಕಾರದ 14446, ವ್ಯಸನಮುಕ್ತಿಯ ಸಹಾಯವಾಣಿ. ಟೆಲಿ ಮಾನಸ್ 14416 ಕನ್ನಡದಲ್ಲೇ ದಿನದ 24 ಗಂಟೆ ಸಿಗುತ್ತೆ, ಪುಕ್ಕಟೆ.

ಪಟ್ಟಿಯಲ್ಲಿ ವಿಳಾಸ ಕಂಡ ಮಾತ್ರಕ್ಕೆ ಬಸ್ ಹತ್ತಬೇಡಿ. ಸಣ್ಣ ಊರಿನ ಗುಂಪು ಬೀಗದ ಕೈ ಇಟ್ಟುಕೊಂಡಿರೋ ಒಬ್ಬರ ಮೇಲೆ ನಿಂತಿರುತ್ತೆ. ಅವರಿಗೆ ವರ್ಗ ಆಯ್ತು ಅಂದ್ರೆ ಗುಂಪು ಮುಚ್ಚುತ್ತೆ, ಪಟ್ಟಿ ಬದಲಾಗೋದು ಆಮೇಲೆ ಯಾವಾಗಲೋ. ಶಾಲೆ ಕೊಠಡಿ ಆದರೆ ಪರೀಕ್ಷೆ ಕಾಲದಲ್ಲಿ ಸಿಗಲ್ಲ. ಹಾಗಾಗಿ ಹಿಂದಿನ ದಿನ ಫೋನ್ ಮಾಡಿ: ಈ ವಾರ ಇದೆಯಾ, ಎಷ್ಟು ಹೊತ್ತಿಗೆ, ಯಾವ ಭಾಷೆ, ಓಪನ್ನಾ ಕ್ಲೋಸ್ಡಾ, ಗೇಟ್ ಹತ್ರ ಯಾರಾದ್ರೂ ನಿಂತಿರ್ತಾರಾ. ಕೊನೇದನ್ನು ಕೇಳೋದು ಬಿಡಬೇಡಿ. ಹೊಸಬರು ವಾಪಸ್ ತಿರುಗೋದು ಒಳಗೆ ಹೋದ ಮೇಲಲ್ಲ, ಗೇಟಲ್ಲೇ.

ಕ್ಲೋಸ್ಡ್ ಅಂದ್ರೆ ಕುಡಿತದ ತೊಂದರೆ ಇರೋರಿಗೆ ಮಾತ್ರ. ಓಪನ್ನಿಗೆ ಮನೆಯವರೂ ಹೋಗಬಹುದು. ನೀವು ಜೊತೆಗೆ ಹೋಗೋದಾದ್ರೆ ಮೊದಲ ಸಲ ಓಪನ್ ನೋಡಿ ಹೋಗಿ. ಕ್ಲೋಸ್ಡ್ ಮೀಟಿಂಗಿಗೆ ಹೆಂಡತಿಯೋ ಅತ್ತಿಗೆಯೋ ಪಕ್ಕದಲ್ಲಿ ಕೂತುಬಿಟ್ಟರೆ ಆ ದಿನ ಯಾರೂ ಬಾಯಿಬಿಡಲ್ಲ.

ದುಡ್ಡು: ಫೀಸೂ ಇಲ್ಲ, ಸದಸ್ಯತ್ವದ ಅರ್ಜಿಯೂ ಇಲ್ಲ. ಕುಡಿತ ನಿಲ್ಲಿಸಬೇಕು ಅನ್ನೋ ಆಸೆ ಇದ್ದರೆ ಸಾಕು, ಅದೊಂದೇ ಅರ್ಹತೆ. ಮಧ್ಯೆ ಒಂದು ಡಬ್ಬಿ ಅಥವಾ ಚೀಲ ಸುತ್ತು ಬರುತ್ತೆ, ಬಾಡಿಗೆಗೆ, ಟೀಗೆ. ಹೊಸಬರು ಹಾಕಲೇಬೇಕು ಅಂತಿಲ್ಲ. ಹೊರಗಿನವರಿಂದ ದೇಣಿಗೆ ತಗೊಳ್ಳೋದೇ ಇಲ್ಲ ಅವರು. "ಎ.ಎ. ಹೆಸರಲ್ಲಿ ಮೂವತ್ತು ಸಾವಿರ ಕಟ್ಟಿ, ಸೇರಿಸ್ಕೊಳ್ತೀವಿ" ಅಂತ ಯಾರಾದ್ರೂ ಅಂದ್ರೆ ಅದು ಎ.ಎ. ಅಲ್ಲ.

ಒಳಗೆ ಏನಾಗುತ್ತೆ: ಒಂದರಿಂದ ಒಂದೂವರೆ ಗಂಟೆ. ಒಬ್ಬರು ನಡೆಸಿಕೊಡ್ತಾರೆ. ಸಣ್ಣ ಮೌನ, ಪ್ರಾರ್ಥನೆ, ಹನ್ನೆರಡು ಹೆಜ್ಜೆ ಓದ್ತಾರೆ, ಆಮೇಲೆ ಷೇರಿಂಗ್. ಒಬ್ಬೊಬ್ಬರು ತಮ್ಮದೇ ವಿಷಯ ಹೇಳ್ತಾರೆ, ಮಧ್ಯೆ ಯಾರೂ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ನಿಮ್ಮ ಮೈದುನನ ಸರದಿ ಬಂದಾಗ ಹೆಸರು ಹೇಳಿ "ಇವತ್ತು ಕೇಳ್ತೀನಿ ಅಷ್ಟೇ" ಅಂದರೂ ಆಯ್ತು. ತಾನು ಆಲ್ಕೊಹಾಲಿಕ್ ಅಂತ ಮೊದಲ ದಿನವೇ ಹೇಳಬೇಕು ಅನ್ನೋ ಕಟ್ಟುಪಾಡಿಲ್ಲ. ಕುಡಿದು ಬಂದಿದ್ದರೂ ಸುಮ್ಮನೆ ಕೂತರೆ ಸಾಮಾನ್ಯವಾಗಿ ಹೊರಗೆ ಕಳಿಸಲ್ಲ, ಮಾತಾಡೋ ಸರದಿ ಮಾತ್ರ ಆ ದಿನ ಇರಲ್ಲ. ಬಹಳಷ್ಟು ಗುಂಪುಗಳು ಚರ್ಚ್ ಆವರಣದ ಕೊಠಡಿಯಲ್ಲಿ ನಡೀತವೆ. ಇದನ್ನು ನೋಡಿ ಮನೆ ಹಿರಿಯರು ಬೇರೆ ಏನೋ ಅರ್ಥ ಮಾಡ್ಕೊಳ್ತಾರೆ. ಕೊಠಡಿ ಬಾಡಿಗೆಗೆ ಸಿಕ್ಕಿದೆ ಅಷ್ಟೇ, ಎ.ಎ.ಗೆ ಯಾವ ಧರ್ಮದ, ಪಕ್ಷದ ನಂಟೂ ಇಲ್ಲ. "ದೇವರು" ಅನ್ನೋ ಮಾತು ಹೆಜ್ಜೆಗಳಲ್ಲಿ ಬರುತ್ತೆ ನಿಜ, ಯಾವ ದೇವರು ಅನ್ನೋದು ಅವರವರ ಪಾಡಿಗೆ ಬಿಟ್ಟದ್ದು.

ಮೀಟಿಂಗ್ ಮುಗಿದ ಕೂಡಲೇ ಚಪ್ಪಲಿ ಮೆಟ್ಟಿ ಹೊರಡೋದು ದೊಡ್ಡ ತಪ್ಪು. ನಂಬರ್ ಬದಲಾಯಿಸಿಕೊಳ್ಳೋದು, "ರಾತ್ರಿ ಹನ್ನೊಂದಕ್ಕೆ ಆಸೆ ಕೆರಳಿದರೆ ಯಾರಿಗೆ ಫೋನ್ ಮಾಡಲಿ" ಅನ್ನೋದು ಇತ್ಯರ್ಥ ಆಗೋದು ಟೀ ಲೋಟ ಹಿಡಿದು ನಿಂತಾಗ. ಕನಿಷ್ಠ ಮೂರು ನಂಬರ್ ತಗೊಂಡೇ ಬರಲಿ. ಒಂದೇ ಸಲ ಹೋಗಿ "ನನಗೆ ಸರಿಹೋಗಲ್ಲ" ಅನ್ನೋದಕ್ಕಿಂತ ಆರು ಸಲ ಹೋಗಲಿ, ಸಾಧ್ಯ ಆದರೆ ಎರಡು ಬೇರೆ ಗುಂಪು ನೋಡಲಿ. ಸ್ಪಾನ್ಸರ್ ಅಂದ್ರೆ ಹೆಜ್ಜೆಗಳನ್ನು ಜೊತೆಗಿದ್ದು ದಾಟಿಸೋರು. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು, ವರ್ಷದ ಮೇಲಾಗಿ ಕುಡಿಯದೆ ಇರೋರು ಆದರೆ ಮೇಲು. ಹತ್ತಿರದ ನೆಂಟ ಬೇಡ, ಸಾಲ ಕೊಟ್ಟವರು, ತಗೊಂಡವರು ಅಂತೂ ಖಂಡಿತ ಬೇಡ. ಹೆಜ್ಜೆಗಳಲ್ಲಿ ನಾಲ್ಕು (ತನ್ನ ತಪ್ಪುಗಳನ್ನು ತಾನೇ ಪಟ್ಟಿ ಮಾಡೋದು), ಒಂಬತ್ತಕ್ಕೆ (ನೋಯಿಸಿದವರ ಹತ್ರ ಹೋಗಿ ಸರಿಪಡಿಸಿಕೊಳ್ಳೋದು) ಅವಸರ ಬೇಡ. ಎರಡನೇ ವಾರದಲ್ಲೇ ಎಲ್ಲರ ಮನೆಗೆ ಹೋಗಿ ಕ್ಷಮೆ ಕೇಳೋಕೆ ಹೊರಟು, ಒಬ್ಬರು ಮುಖಕ್ಕೆ ಬಾಗಿಲು ಹಾಕಿದ್ದಕ್ಕೆ ಬಾರ್ ಮೆಟ್ಟಿಲು ಹತ್ತಿಬಿಡೋದು ಕಂಡುಬರುತ್ತೆ.

ಮಾತ್ರೆ ವಿಷಯ: ಗುಂಪಿನಲ್ಲಿ ಯಾರಾದ್ರೂ ಹಳಬರು "ಮಾತ್ರೆಯೂ ಚಟವೇ, ಬಿಸಾಕು" ಅಂದ್ರೆ ಕೇಳಬಾರದು. ಸದಸ್ಯರು ಡಾಕ್ಟರ್ ಆಗಬಾರದು ಅಂತ ಎ.ಎ.ಯ ಕಿರುಹೊತ್ತಿಗೆಯೇ ಹೇಳುತ್ತೆ.

ಕೆಜಿಎಫ್ ಲೈನ್:

ಊರಿನವರು ಸಿಕ್ಕಿಬಿಟ್ರೆ ಅನ್ನೋ ಭಯಕ್ಕೆ: ಸಿಕ್ಕವರೂ ಅದೇ ಕಾರಣಕ್ಕೆ ಬಂದಿರ್ತಾರಲ್ಲ! ಗುಟ್ಟು ಒಡೆಯೋದು ಕೊಠಡಿಯಲ್ಲಿ ಅಲ್ಲ, ಫೋನಿನಲ್ಲಿ. ಗುಂಪಿನ ವಾಟ್ಸಾಪ್‌ಗೆ ಸೇರಿದ ಕ್ಷಣ ಅಲ್ಲಿರೋ ಎಲ್ಲರಿಗೂ ನಂಬರ್, ಮದುವೆ ಫೋಟೋ ಹಾಕಿರೋ ಡಿಪಿ ಕಾಣುತ್ತೆ. ಡಿಪಿ ಬದಲಾಯಿಸಿ, ಗುಂಪಿಗೆ ಸೇರೋ ಅವಸರ ಬೇಡ, ಒಬ್ಬಿಬ್ಬರ ನಂಬರ್ ಸಾಕು. ಅವರ ನಂಬರನ್ನೂ "ಎ.ಎ. ಕುಡುಕ ರಮೇಶ" ಅಂತ ಸೇವ್ ಮಾಡಬೇಡಿ, ಟ್ರೂಕಾಲರ್ ಊರಿಗೆಲ್ಲ ಸಾರಿಬಿಡಬಹುದು. ಮೊಬೈಲ್‌ನ ಲೊಕೇಶನ್ ಸ್ಟೇಟಸ್ ಹಾಕೋ ಚಟ ಇದ್ದರೆ ಅದನ್ನೂ ನೋಡಿಕೊಳ್ಳಿ.

ಆದರೂ ಇರುಸುಮುರುಸಾದರೆ ಬೆಂಗಳೂರು. ಊರೊಳಗೆಲ್ಲ ಸುತ್ತೋದು ಬೇಡ, ನಿಮ್ಮ ಕಡೆಯಿಂದ ಬರೋ ಬಾಯಲ್ಲೇ ಸಿಗೋ ಗುಂಪು ಕೇಳಿ: ತುಮಕೂರಿನವರು ಯಶವಂತಪುರ, ಪೀಣ್ಯ, ಚಿಕ್ಕಬಳ್ಳಾಪುರದವರು ಯಲಹಂಕ, ಹೆಬ್ಬಾಳ, ಕೋಲಾರದವರು ಕೆ.ಆರ್. ಪುರ. ಸಂಜೆ ಮೀಟಿಂಗ್ ಎಂಟರ ಮೇಲೆ ಬಿಡುತ್ತೆ, ಹಾಗಾಗಿ ವಾಪಸ್ ಕೊನೆ ಬಸ್ ನೋಡಿಕೊಂಡೇ ಗುಂಪು ಆರಿಸಿ. ಬಸ್ ತಪ್ಪಿ ಮೆಜೆಸ್ಟಿಕ್‌ನಲ್ಲಿ ಒಬ್ಬರೇ ರಾತ್ರಿ ಕಳೆಯೋದು ಹೊಸದಾಗಿ ಬಿಟ್ಟವರಿಗೆ ಬೇಡವಾದ ಪರೀಕ್ಷೆ.

ಭಾಷೆ ಬಗ್ಗೆ ಒಂದು ಮಾತು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಮನೆಮಾತು ತೆಲುಗು, ನಮ್ಮ ಕೆಜಿಎಫ್‌ನಲ್ಲಿ ತಮಿಳು. ಮನಸ್ಸು ಬಿಚ್ಚೋದು ಮನೆಮಾತಲ್ಲೇ. ಕನ್ನಡ ಮೀಟಿಂಗಲ್ಲಿ ತೆಲುಗಿನಲ್ಲಿ ಹೇಳಿದರೆ ನಮ್ಮ ಜಿಲ್ಲೆಗಳಲ್ಲಿ ಯಾರೂ ಬೇಡ ಅನ್ನಲ್ಲ, ಅರ್ಧಕ್ಕರ್ಧ ಜನಕ್ಕೆ ಬರುತ್ತೆ.

ಶಿಫ್ಟ್ ಇದ್ದೋರಿಗೆ ಆನ್‌ಲೈನ್ ಅನುಕೂಲ. ಝೂಮ್‌ಗೆ ಹೋಗುವ ಮುಂಚೆ ಹೆಸರು ಬದಲಾಯಿಸಿಕೊಳ್ಳಲಿ, ಬರೀ ಮೊದಲ ಹೆಸರು ಸಾಕು. ಇಯರ್‌ಫೋನ್ ಕಡ್ಡಾಯ, ಬೇರೆಯವರ ಗುಟ್ಟು ನಿಮ್ಮ ಹಾಲ್‌ನಲ್ಲಿ ಸ್ಪೀಕರ್‌ನಲ್ಲಿ ಬರಬಾರದಲ್ಲ. ಆದರೆ ಪೂರ್ತಿ ಆನ್‌ಲೈನ್‌ನಲ್ಲೇ ಉಳಿದರೆ ಕ್ಯಾಮೆರಾ ಆಫ್ ಮಾಡಿ ಕೈಯಲ್ಲಿ ಲೋಟ ಹಿಡಿಯೋದೂ ಸುಲಭ. ವಾರಕ್ಕೆ ಒಂದಾದರೂ ಎದುರಾಎದುರು ಇರಲಿ.

ಮಧುಗಿರಿ ಮನೆ:

ಎಲ್ಲರಿಗೂ ಧನ್ಯವಾದ. ಮಂಗಳವಾರದ ವಿಷಯ ಕೇಳಿಸ್ತೀನಿ. ಇನ್ನೆರಡು: ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಇದಕ್ಕಿಂತ ಒಳ್ಳೇದಾ? ಮತ್ತೆ ಒಂದು ಖಾಸಗಿ ಸೆಂಟರ್‌ನವರು "ನೀವು ಹ್ಞೂಂ ಅನ್ನಿ, ರಾತ್ರಿ ವ್ಯಾನ್ ತಂದು ಎತ್ತಾಕ್ಕೊಂಡು ಹೋಗ್ತೀವಿ, ಮೂರು ತಿಂಗಳು ಫೋನ್ ಮಾಡಂಗಿಲ್ಲ" ಅಂತಿದಾರೆ.

ಗೌರಿಬಿದನೂರು ಪ್ಯಾಸೆಂಜರ್:

ಅಕ್ಕಾ, ಎರಡನೇದಕ್ಕೆ ಮೊದಲು. ಆ ವ್ಯಾನಿನವರಿಗೆ ಬೇಡ ಅಂತ ಹೇಳಿ. ಅವರೇ ಬರ್ತೀನಿ ಅಂತಿರುವಾಗ ಎತ್ತಾಕ್ಕೊಂಡು ಹೋಗೋದು ಯಾಕೆ? 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದ ಚಿಕಿತ್ಸೆಗೂ ಅನ್ವಯಿಸುತ್ತೆ. ಸೆಂಟರ್ ನೋಂದಣಿ ಆಗಿರಬೇಕು, ಸರಪಳಿ ಹಾಕಂಗಿಲ್ಲ, ಫೋನ್ ಮಾಡೋದು, ಮನೆಯವರನ್ನು ನೋಡೋದು ರೋಗಿಯ ಹಕ್ಕು. ಯಾವ ಸೆಂಟರ್‌ಗೆ ಹೋದರೂ ಮೊದಲು ನೋಂದಣಿ ಪತ್ರ ತೋರಿಸಿ ಅನ್ನಿ, ಡಾಕ್ಟರ್ ಯಾವ ಯಾವ ದಿನ ಬರ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ತೀರಿ ಅಂತ ಕೇಳಿ. ಫಿಟ್ಸ್ ಪ್ರಶ್ನೆಗೆ ತಡಬಡಾಯಿಸಿದರೆ ಎದ್ದು ಬನ್ನಿ. ಕೇಂದ್ರ ಸರ್ಕಾರದ ನೆರವಲ್ಲಿ ನಡೆಯೋ ಪುನರ್ವಸತಿ ಕೇಂದ್ರಗಳ ವಿವರ 14446ರಲ್ಲೇ ಸಿಗುತ್ತೆ. ತೀರಾ ತೊಡಕಿನ ಕೇಸಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ.

ಶಿಬಿರ ಮತ್ತು ಎ.ಎ. ಒಂದಕ್ಕೊಂದು ಪೈಪೋಟಿ ಅಲ್ಲ. ಶಿಬಿರ ಎಂಟು ದಿನ, ಕಲ್ಯಾಣ ಮಂಟಪದಂಥ ಕಡೆ ಒಟ್ಟಿಗೆ ಇರೋದು, ಯೋಗ, ಭಜನೆ, ಕೌನ್ಸೆಲಿಂಗ್, ಕೊನೆಗೆ ಮನೆಯವರೂ ಬರ್ತಾರೆ. ಊರೇ ಸಾಕ್ಷಿಯಾಗಿ ನಿಲ್ಲೋದು ಕೆಲವರಿಗೆ ಬಲ. ಗುಟ್ಟಾಗಿರಬೇಕು ಅನ್ನೋರಿಗೆ ಅದೇ ಕಷ್ಟ, ನಿಮ್ಮ ಮೈದುನ ಈ ಎರಡನೇ ಜಾತಿ ಅನ್ನಿಸುತ್ತೆ. ಹೋಗೋದಾದರೆ ಬೆಳಗಿನ ನಡುಕದ ವಿಷಯ ಮೊದಲೇ ಹೇಳಿ, ಡಾಕ್ಟರ್ ಚೀಟಿ ಜೊತೆಗಿಟ್ಟು ಕಳಿಸಿ. ಶಿಬಿರ ಮುಗಿದವರಿಗೆ ನವಜೀವನ ಸಮಿತಿ ಅಂತ ಇದೆ, ಆ ಸಭೆಗಳನ್ನು ತಪ್ಪಿಸಿದವರೇ ಮತ್ತೆ ಜಾರೋದು ಜಾಸ್ತಿ ಅಂತ ನನ್ನ ಎಣಿಕೆ.

ಇನ್ನು ಮನೆಯವರಿಗೆ. ಅಲ್-ಅನಾನ್ ಅಂತ ಬೇರೆಯೇ ಗುಂಪು ಇದೆ, ಕುಡಿಯುವವರ ಮನೆಯವರಿಗೆ. ಅವರು ಬಿಟ್ಟರೂ ಬಿಡದಿದ್ದರೂ ನೀವು, ನಿಮ್ಮ ವಾರಗಿತ್ತಿ ಹೋಗಬಹುದು, ಆನ್‌ಲೈನ್ ಕೂಡ. ಬಾಟಲಿ ಹುಡುಕಿ ಸಿಂಕಿಗೆ ಸುರಿಯೋದು, ಬಾಯಿ ಮೂಸೋದು, "ಜ್ವರ ಬಂದಿದೆ" ಅಂತ ಸೂಪರ್‌ವೈಸರ್‌ಗೆ ಸುಳ್ಳು ಫೋನ್ ಮಾಡೋದು, ಇವನ್ನು ಬಿಡೋದು ಹೇಗೆ ಅಂತ ಅಲ್ಲಿ ತಿಳಿಯುತ್ತೆ. ಬಾಟಲಿ ಸುರಿಯೋದಂತೂ ಈ ಪ್ರಮಾಣದಲ್ಲಿ ವೈದ್ಯಕೀಯವಾಗಿಯೂ ತಪ್ಪು, ಮೇಲೆ ವಾರ್ಡ್ ಬಾಗಿಲು ಅವರು ಕಾರಣ ಹೇಳಿದ್ದಾರೆ.

ಹಬ್ಬಗಳನ್ನು ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ನಮ್ಮ ಕಡೆ ಎರಡು ದಿನ ಕಂಟಕ: ಯುಗಾದಿ ಮಾರನೇ ದಿನದ ಹೊಸತೊಡಕು, ಮಹಾಲಯ ಅಮಾವಾಸ್ಯೆ. ಹೊಸತೊಡಕಿನ ಬಾಡೂಟಕ್ಕೆ ಕರೆದವರು "ಒಂದೇ ಒಂದು" ಅಂತಾರೆ. ಪಿತೃಪಕ್ಷದಲ್ಲಿ ಇನ್ನೂ ಸೂಕ್ಷ್ಮ, ತೀರಿಹೋದವರಿಗೆ ಇಷ್ಟ ಅಂತ ಎಡೆಗೆ ಕ್ವಾರ್ಟರ್ ಇಡೋ ಮನೆಗಳಿವೆ. ಪೂಜೆ ಆದ ಮೇಲೆ ಆ ಬಾಟಲಿ ಪ್ರಸಾದ ಆಗಿಬಿಡುತ್ತೆ, ಬೇಡ ಅಂದರೆ ಹಿರಿಯರಿಗೆ ಅವಮಾನ. ಆ ವರ್ಷ ಎಡೆಗೆ ವಡೆ, ಕಜ್ಜಾಯ, ಅವರಿಗೆ ಇಷ್ಟವಾದ ಬೀಡಿ ಕಟ್ಟು ಇಟ್ಟರೆ ಸಾಕು ಅಂತ ಮನೆ ಹಿರಿಯರ ಹತ್ರ ಮೊದಲೇ ಮಾತಾಡಿಕೊಳ್ಳಿ. ಎರಡೂ ದಿನ ಮಧ್ಯಾಹ್ನ ಹೊತ್ತಿಗೆ ಆನ್‌ಲೈನ್ ಮೀಟಿಂಗ್ ಯಾವುದಿದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಲಿ.

ಹಿಂಬದಿ ಬೆಂಚು:

ಮಧುಗಿರಿಯಲ್ಲೇ ಗುಂಪು ಇಲ್ಲ ಅಂತ ಗೊತ್ತಾದರೆ: ಕುಡಿತ ಬಿಡೋಕೆ ಇಬ್ಬರು ಮೂವರು ಒಟ್ಟು ಕೂತರೂ ಅದು ಎ.ಎ. ಗುಂಪೇ, ಬೇರೆ ಸಂಸ್ಥೆಯ ನಂಟು ಇರಬಾರದು ಅಷ್ಟೇ. ಆದರೆ ಹೊಸದಾಗಿ ಬಿಟ್ಟವರು ತಾವೇ ಶುರು ಮಾಡೋಕೆ ಹೋಗಬಾರದು. ತುಮಕೂರು ಅಥವಾ ಬೆಂಗಳೂರು ಗುಂಪಿನ ಹಳಬರೊಬ್ಬರು ಮೊದಲ ಕೆಲವು ತಿಂಗಳು ಬರೋದಾದರೆ ಮಾತ್ರ. ಪ್ರತಿ ವಾರ ಅದೇ ದಿನ, ಅದೇ ಹೊತ್ತು, ಇಬ್ಬರ ಹತ್ರ ಬೀಗದ ಕೈ, ಕೊಠಡಿಗೆ ನೂರು ರೂಪಾಯಾದರೂ ಬಾಡಿಗೆ. ಪುಕ್ಕಟೆ ಕೊಟ್ಟವರು ನಾಳೆ ವೇದಿಕೆ ಹಾಕಿ ಸನ್ಮಾನ ಮಾಡ್ತೀವಿ ಅಂತಾರೆ, ಅಲ್ಲಿಗೆ ಅನಾಮಿಕತೆ ಹೋಯ್ತು.

ವಾರ್ಡ್ ಬಾಗಿಲು:

ಒಂದು ಬಿಟ್ಟುಹೋಗಿತ್ತು. ಡಾಕ್ಟರ್ ಡೈಸಲ್ಫಿರಾಂ ಬರೆದುಕೊಟ್ಟರೆ ಮನೆಯಲ್ಲಿರೋ ಅರಿಷ್ಟ, ಆಸವಗಳನ್ನು ಪಕ್ಕಕ್ಕೆ ಇಡಿ. ದಶಮೂಲಾರಿಷ್ಟ, ದ್ರಾಕ್ಷಾರಿಷ್ಟದಂಥವು ಹುಳಿಸಿ ಮಾಡಿದ ಔಷಧ, ಅವುಗಳಲ್ಲೇ ಮದ್ಯಸಾರ ಹುಟ್ಟಿರುತ್ತೆ. ಕೆಲವು ಕೆಮ್ಮಿನ ಸಿರಪ್‌ನಲ್ಲೂ ಇರುತ್ತೆ, ಲೇಬಲ್ ಓದಿ. ಬೇರೆ ಕಾಯಿಲೆಗೆ ಡಾಕ್ಟರ್ ಹತ್ರ ಹೋದಾಗಲೂ ಈ ಮಾತ್ರೆ ತಗೊಳ್ತಿರೋದನ್ನು ಹೇಳಬೇಕು. ಮೆಟ್ರೊನಿಡಜೋಲ್ ಇದರ ಜೊತೆ ಕೂಡಲ್ಲ, ಭೇದಿಗೆ ಅಂತ ಅದನ್ನು ಸುಲಭವಾಗಿ ಬರೆದುಬಿಡ್ತಾರೆ.